ಅತ್ತಿಗೆ ಬರೆದ ಪತ್ರವನ್ನು ಪಲ್ಟನ್ನಿನಲ್ಲಿ ಎಷ್ಟು ಜನ ಓದಬೇಕು?

ಆಲೆಮನೆ ತಂಗಿ, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸೈನ್ಯದಲ್ಲಿದ್ದವರು, ಸೈನಿಕರ ಮನೆಯವರು, ಕೋರ್ಟ್ ವಿಷಯ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮಣ್ಣ ಸೈನ್ಯಕ್ಕೆ ಸೇರಿ 14 ವರ್ಷ ಆಯಿತು. ಈಗ ಹವಾಲ್ದಾರ್. ಅತ್ತಿಗೆ ಮೈಸೂರಿನವರು. ಒಬ್ಬಳೇ ಮಗಳು, ಎರಡನೇ ಕ್ಲಾಸು. ಇಬ್ಬರಿಗೂ ಹೊಂದಾಣಿಕೆ ಆಗದೆ ಅತ್ತಿಗೆ ತವರಿಗೆ ಹೋಗಿ ಒಂದೂವರೆ ವರ್ಷದ ಮೇಲಾಯಿತು. ಡೈವೋರ್ಸ್ ತಗೊಳ್ಳೋಣ ಅಂತ ಇಬ್ಬರ ಬಾಯಲ್ಲೂ ಬಂದಿದೆ. ಅರ್ಜಿ ಮಾತ್ರ ಇನ್ನೂ ಹಾಕಿಲ್ಲ.

ಹೋದ ತಿಂಗಳು ಅತ್ತಿಗೆ ಅಣ್ಣನ ಸಿಒ ಸಾಹೇಬರಿಗೆ, ಅಂದರೆ ಅವನ ಪಲ್ಟನ್ನಿನ ಕಮಾಂಡಿಂಗ್ ಆಫೀಸರಿಗೆ, ಆರು ಪುಟದ ಪತ್ರ ಬರೆದರು. ದುಡ್ಡಿನ ವಿಷಯ ಇತ್ತು. ಅದರ ಜೊತೆಗೆ ಮದುವೆಯಾದ ಹೊಸದರಲ್ಲಿ ಆದ ಜಗಳ, ನಮ್ಮಮ್ಮ ಆಡಿದ ಮಾತು, ಅಣ್ಣ ಯಾವುದೋ ತೊಂದರೆಗೆ ಡಾಕ್ಟರ ಹತ್ತಿರ ಹೋಗಿದ್ದು, ಎಲ್ಲಾ ಇತ್ತು. ಸಾಹೇಬರು ಅಣ್ಣನನ್ನು ಕರೆಸಿ ಕೇಳಿದರು. ಕೇಳಲಿ, ಅದಕ್ಕೆ ಬೇಜಾರಿಲ್ಲ. ಆದರೆ ಅಣ್ಣ ಸಾಹೇಬರ ಮುಂದೆ ಹೋಗಿ ನಿಲ್ಲುವ ಹೊತ್ತಿಗಾಗಲೇ ಅವನ ಜೊತೆ ಬ್ಯಾರಕ್‌ನಲ್ಲಿ ಮಲಗುವ ಹುಡುಗರಿಗೆಲ್ಲ ಪತ್ರದ ವಿಷಯ ಗೊತ್ತಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಒಬ್ಬ ಆ ಡಾಕ್ಟರ ವಿಷಯವನ್ನೇ ಎತ್ತಿದನಂತೆ. ಅಣ್ಣ ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದಿದ್ದಾನೆ. ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದ. ಎಷ್ಟು ಹೊತ್ತಾದರೂ ಮಾತೇ ಇಲ್ಲ, ಹಿಂದೆ ಜನರೇಟರ್ ಸದ್ದು ಮಾತ್ರ. ಆಮೇಲೆ, "ಇನ್ನು ಈ ಹುಡುಗರಿಗೆ ನಾನು ಹೆಂಗೆ ಆರ್ಡರ್ ಕೊಡಲಿ?" ಅಂದ. ನನಗೆ ಅವತ್ತು ನಿದ್ದೆ ಬರಲಿಲ್ಲ.

ಗಂಡ ಹೆಂಡತಿ ವಿಷಯಕ್ಕೆ ಸೈನ್ಯ ಯಾಕೆ ಬರಬೇಕು? ಡೈವೋರ್ಸ್‌ಗೆ ಸಿಒ ಪರ್ಮಿಷನ್ ಬೇಕಾ? ಸಂಬಳದಲ್ಲಿ ಹಿಡಿಯಬೇಕಾಗುತ್ತೆ ಅಂತಲೂ ಹೇಳಿದ್ದಾರಂತೆ. ಕೋರ್ಟ್ ಹೇಳದೆ ಹಾಗೆ ಹಿಡಿಯೋಕೆ ಆಗುತ್ತಾ?

ಮದ್ದೂರು ಹುಡುಗ

ಓದಿ ಸಂಕಟ ಆಯಿತು ಅಕ್ಕ. ಯಾವ ಕಾಲದಲ್ಲಿದ್ದೀವಿ? ವ್ಯಭಿಚಾರ ಅಪರಾಧವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಐಪಿಸಿಯ (ಭಾರತೀಯ ದಂಡ ಸಂಹಿತೆ) 497ನೇ ಸೆಕ್ಷನ್ ತೆಗೆದುಹಾಕಿದೆ. ಖಾಸಗಿತನ ಮೂಲಭೂತ ಹಕ್ಕು ಅಂತಲೂ ತೀರ್ಪಿದೆ. ಮನೆ ವಿಷಯ ಕೇಳೋ ಅಧಿಕಾರ ಯಾವ ಸಾಹೇಬರಿಗೂ ಇಲ್ಲ. ಉತ್ತರ ಕೊಡಬೇಡ ಅಂತ ಅಣ್ಣನಿಗೆ ಹೇಳಿ.

ಕರಿಕೋಟು, ಮೈಸೂರು

ನಾನು ಮೈಸೂರಿನಲ್ಲಿ ವಕೀಲೆ. ಫ್ಯಾಮಿಲಿ ಕೋರ್ಟ್ ಕೇಸುಗಳೇ ಜಾಸ್ತಿ ನೋಡುವುದು. ಮದ್ದೂರಿನ ತಮ್ಮ, ನಿಮ್ಮ ಕಾಳಜಿ ಸರಿ. ಆದರೆ ಆ ಸಲಹೆ ಕೇಳಿದರೆ ಇವರ ಅಣ್ಣನಿಗೆ ತೊಂದರೆ ಆಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಅನ್ನುವುದು ನಿಜ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಸಂವಿಧಾನದ 33ನೇ ವಿಧಿ ಅಂತ ಒಂದಿದೆ. ಸೈನ್ಯದಲ್ಲಿರುವವರ ಮೂಲಭೂತ ಹಕ್ಕುಗಳನ್ನು ಶಿಸ್ತಿನ ಸಲುವಾಗಿ ಕಾನೂನು ಮಾಡಿ ಕಡಿಮೆ ಮಾಡುವ ಅಧಿಕಾರ ಅದರಿಂದ ಸಂಸತ್ತಿಗೆ ಸಿಕ್ಕಿದೆ. 1950ರ ಆರ್ಮಿ ಆ್ಯಕ್ಟ್ ಅದರ ಬಲದ ಮೇಲೆ ನಿಂತಿದೆ. 497 ಹೋದ ಮೇಲೂ ಸೈನ್ಯ ತನ್ನ ಕಾಯ್ದೆಯಡಿ ಅಂಥ ನಡತೆಗೆ ಕ್ರಮ ತೆಗೆದುಕೊಳ್ಳಬಹುದು, 2018ರ ತೀರ್ಪು ಅದಕ್ಕೆ ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟೇ 2023ರ ಜನವರಿ 31ರಂದು ಸ್ಪಷ್ಟ ಮಾಡಿತು. ಹಾಗಾಗಿ ಸಿಒ ಕೇಳಿದ್ದಕ್ಕೆ ಉತ್ತರ ಕೊಡದೆ ಸುಮ್ನೆ ಕೂರುವಂತಿಲ್ಲ.

ಡೈವೋರ್ಸ್‌ಗೆ ಪಲ್ಟನ್ನಿನ ಅಪ್ಪಣೆ ಬೇಕಿಲ್ಲ ತಂಗಿ. ಅದನ್ನು ಕೊಡುವುದು ಕೋರ್ಟ್ ಮಾತ್ರ. ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆದ ಮೇಲೆ ಅದರ ಪ್ರತಿ ಕೊಟ್ಟು ದಾಖಲೆ ತಿದ್ದಿಸಬೇಕು, ಅಷ್ಟೆ. ಆದರೆ ಯೂನಿಟ್‌ಗೆ ಗೊತ್ತೇ ಆಗದ ಹಾಗೆ ಡೈವೋರ್ಸ್ ಮುಗಿಸುವುದು ಕಷ್ಟ. ಅತ್ತಿಗೆ ನಾಳೆ ಕೇಸು ಹಾಕಿದರು ಅಂದುಕೊಳ್ಳಿ. ಸೈನಿಕನಿಗೆ ಹೋಗುವ ಸಮನ್ಸನ್ನು ಅವನ ಕಮಾಂಡಿಂಗ್ ಆಫೀಸರಿಗೇ ಕಳಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ, ಐದನೇ ಆರ್ಡರ್, 28ನೇ ನಿಯಮ. ಗೊತ್ತಾಗುವುದು ಗೊತ್ತಾಗಿಯೇ ಆಗುತ್ತದೆ. ಎಷ್ಟು ಗೊತ್ತಾಗಬೇಕು, ಯಾರಿಗೆ ಗೊತ್ತಾಗಬೇಕು ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಅಣ್ಣನಿಗೆ ಅನ್ಯಾಯ ಆಗಿರುವುದು ಅಲ್ಲಿ.

ನಿವೃತ್ತ ಹೆಡ್ ಕ್ಲರ್ಕ್, ಹೆಬ್ಬಾಳ, ಮೈಸೂರು

ತಾಯಿ, ನಾನು 28 ವರ್ಷ ಪಲ್ಟನ್ನಿನ ಆಫೀಸಿನಲ್ಲಿ ಕೆಲಸ ಮಾಡಿದವನು. ಕಡೆಗೆ ಹೆಡ್ ಕ್ಲರ್ಕ್ ಆಗಿ ಬಂದೆ. ನಿನ್ನ ಅಣ್ಣನ ಪತ್ರ ಹುಡುಗರ ಕಿವಿಗೆ ಹೇಗೆ ಬಿತ್ತು ಅಂತ ಇಲ್ಲಿ ಕೂತೇ ಹೇಳಬಲ್ಲೆ.

ಹೆಂಡತಿ ಬರೆದ ಪತ್ರ ಮಾಮೂಲಿ ಡಾಕ್‌ನಲ್ಲಿ ಬರುತ್ತದೆ. ಡಾಕ್ ತರುವ ಹುಡುಗ ಮೇಜಿನ ಮೇಲೆ ಸುರಿಯುತ್ತಾನೆ. ಒಬ್ಬ ಕ್ಲರ್ಕ್ ಕವರ್ ಕತ್ತರಿಸುತ್ತಾನೆ, ಸೀಲ್ ಒತ್ತಿ ರಿಜಿಸ್ಟರಿನಲ್ಲಿ ಬರೆಯುತ್ತಾನೆ. 'ವಿಷಯ' ಅನ್ನುವ ಕಾಲಂ ತುಂಬಿಸಬೇಕಲ್ಲ, ಅದಕ್ಕೆ ಓದುತ್ತಾನೆ. ಆಮೇಲೆ ಹೆಡ್ ಕ್ಲರ್ಕ್ ಓದುತ್ತಾನೆ, ಆಮೇಲೆ ಸಿಒಗೆ ಆಫೀಸು ಕೆಲಸದಲ್ಲಿ ನೆರವಾಗುವ ಅಡ್ಜುಟೆಂಟ್ ಸಾಹೇಬರು. ಅಷ್ಟಾದ ಮೇಲೆ ಸಿಒ. ಅವರ ಮೇಜಿಗೆ ಹೋಗುವ ಮೊದಲೇ ಮೂರು ನಾಲ್ಕು ಜನ ಓದಿ ಆಗಿರುತ್ತದೆ. ಇದರಲ್ಲಿ ಕೆಟ್ಟತನ ಇರಬೇಕು ಅಂತಿಲ್ಲ. ಆದರೆ ಆ ಕ್ಲರ್ಕ್ ಸಂಜೆ ಹೋಗಿ ಮಲಗುವುದು ಅದೇ ಬ್ಯಾರಕ್ಕಿನಲ್ಲಿ ತಾಯಿ.

ನಾನೂ ಒಂದು ಸಲ ಈ ತಪ್ಪು ಮಾಡಿದ್ದೇನೆ. ಆಗ ಇನ್ನೂ ಹುಡುಗ, ಗುಮಾಸ್ತನಾಗಿ ಎರಡನೇ ವರ್ಷ. ಒಬ್ಬ ಲ್ಯಾನ್ಸ್ ನಾಯಕನ ಹೆಂಡತಿ ಬರೆದಿದ್ದನ್ನು ಓದಿ, ಪಕ್ಕದ ಮೇಜಿನವನಿಗೆ ಎರಡೇ ಎರಡು ಮಾತು ಹೇಳಿದೆ. ಒಂದು ವಾರದಲ್ಲಿ ಆ ಮನುಷ್ಯ ಯಾರ ಜೊತೆಗೂ ಕೂತು ಉಣ್ಣುವುದನ್ನು ಬಿಟ್ಟ. ಟ್ರಕ್ಕಿನ ಹಿಂದೆ ನಿಂತುಕೊಂಡು ತಿನ್ನುತ್ತಿದ್ದ. ಅದನ್ನು ನೋಡಿದ ಮೇಲೆ ನಾನು ಬದಲಾದೆ. ಹೆಡ್ ಕ್ಲರ್ಕ್ ಆದಾಗ ಹೆಣ್ಣುಮಕ್ಕಳ ಅಕ್ಷರ ಕಂಡ ಕವರ್ ಎಲ್ಲಾ ಒಡೆಯದೆ ನನ್ನ ಮೇಜಿಗೇ ಬರಲಿ ಅಂತ ಮಾಡಿದೆ. ರಿಜಿಸ್ಟರಿನಲ್ಲಿ 'ವೆಲ್‌ಫೇರ್ ಅರ್ಜಿ' ಅಂತ ಒಂದೇ ಮಾತು. ಪತ್ರ ಮುಚ್ಚಿದ ಕವರಿನಲ್ಲಿ ಸಾಹೇಬರ ಕೈಗೆ. ಅದರಿಂದ ಯಾವ ಕೆಲಸವೂ ನಿಲ್ಲಲಿಲ್ಲ.

ಸಂಬಳದ ವಿಷಯ. ಹೌದು, ಕೋರ್ಟ್ ಇಲ್ಲದೆಯೂ ಹಿಡಿಯಬಹುದು. ಆರ್ಮಿ ಆ್ಯಕ್ಟಿನಲ್ಲಿ ಅಧಿಕಾರಿಗಳಿಗೆ 90, ಉಳಿದವರಿಗೆ 91ನೇ ಸೆಕ್ಷನ್. ಹೆಂಡತಿ ಮಕ್ಕಳನ್ನು ಸಾಕದೆ ಬಿಟ್ಟವನ ಸಂಬಳದಿಂದ ಜೀವನಾಂಶ ಕತ್ತರಿಸಲು ಅಲ್ಲಿ ಅವಕಾಶ ಇದೆ. ಹೆಂಡತಿಗೆ ಸಂಬಳ ಭತ್ಯೆಯ 22 ಪರ್ಸೆಂಟ್, ಮಗುವಿಗೆ ತಲಾ ಐದೂವರೆ ಪರ್ಸೆಂಟ್, ಎಲ್ಲಾ ಸೇರಿ 33 ದಾಟುವಂತಿಲ್ಲ. ನಿನ್ನ ಅಣ್ಣನಿಗೆ ಎಲ್ಲಾ ಸೇರಿ 60,000 ಬರುತ್ತೆ ಅಂತ ಇಟ್ಟುಕೋ. ಅತ್ತಿಗೆಗೆ 13,200, ಮಗಳಿಗೆ 3,300, ಒಟ್ಟು 16,500ರವರೆಗೆ ಹೋಗಬಹುದು. ಸಿಒ ತಾವೇ ಸೈನ್ ಮಾಡಿ ಕತ್ತರಿಸುವ ಹಾಗಿಲ್ಲ. ಮೊದಲು ಯಾಕೆ ಕತ್ತರಿಸಬಾರದು ಅಂತ ಕಾರಣ ಕೇಳುವ ಶೋಕಾಸ್ ನೋಟಿಸ್ ಕೊಡಬೇಕು, ಇವನ ಉತ್ತರ ತಗೋಬೇಕು, ತಮ್ಮ ಅಭಿಪ್ರಾಯ ಬರೆದು ಮೇಲೆ ಕಳಿಸಬೇಕು. ಆದೇಶ ಬರುವುದು ಸಿಒಗಿಂತ ಎಷ್ಟೋ ಮೇಲಿರುವ ಆರ್ಮಿ ಕಮಾಂಡರ್ ಮಟ್ಟದಿಂದ. ಹಾಗಾಗಿ ನೋಟಿಸ್ ಬಂದರೆ ಅಣ್ಣ ಉತ್ತರ ಬರೆಯಲೇಬೇಕು. ಕಳಿಸಿದ ದುಡ್ಡಿನ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಲಿ.

ಆಲೆಮನೆ ತಂಗಿ

ತುಂಬಾ ಉಪಕಾರ ಆಯಿತು ಸರ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಇದನ್ನೇ ಕಳಿಸಿದೆ. ಆದರೂ ನನ್ನ ಹೊಟ್ಟೆಉರಿ ತಣ್ಣಗಾಗಿಲ್ಲ. ದುಡ್ಡು ಬೇಕಿದ್ದರೆ ಅತ್ತಿಗೆ ಕೋರ್ಟಿಗೆ ಹೋಗಬಹುದಿತ್ತಲ್ಲ? ಪಲ್ಟನ್ನಿಗೆ ಬರೆದಿದ್ದು ಮಾನ ಕಳೆಯೋಕೆ ಅಂತಲೇ ನನಗೆ ಅನಿಸುತ್ತೆ.

ಮಳವಳ್ಳಿಯ ಒಬ್ಬಳು ಅಮ್ಮ

ತಂಗಿ, ಆ ಕಡೆ ಕೂತಿರುವವಳು ನಾನು. ನನ್ನ ಮಾತನ್ನೂ ಸ್ವಲ್ಪ ಕೇಳಿಸಿಕೋ.

ನನ್ನ ಯಜಮಾನರೂ ಸೈನ್ಯದಲ್ಲೇ ಇರುವುದು. ದುಡ್ಡು ನಿಲ್ಲಿಸಿದಾಗ ಮಗನಿಗೆ ನಾಲ್ಕು ವರ್ಷ. ನಾನು ಮೊದಲು ಹೋಗಿದ್ದು ಕೋರ್ಟಿಗೇ. ನನ್ನ ಹತ್ತಿರ ಇದ್ದ ವಿಳಾಸ ಒಂದು ನಂಬರು, ಒಂದು ಯೂನಿಟ್ ಹೆಸರು, ಕೆಳಗೆ ಎಪಿಒ (ಸೈನ್ಯದ ಅಂಚೆ ಕಚೇರಿ) ನಂಬರು. ಊರಿಲ್ಲ, ಬೀದಿಯಿಲ್ಲ. ಅವರು ಯಾವ ರಾಜ್ಯದಲ್ಲಿದ್ದಾರೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ವಾಯಿದೆ ಮೇಲೆ ವಾಯಿದೆ. ಪ್ರತಿ ಸಲ ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ಸು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು. ಒಂದು ವಾಯಿದೆ ದಿನ ಮಗು ಬಿಸ್ಕತ್ ಕೇಳಿತು. ಪರ್ಸಿನಲ್ಲಿ ವಾಪಸ್ ಹೋಗುವ ಬಸ್ ಚಾರ್ಜು ಬಿಟ್ಟರೆ ಎರಡು ರೂಪಾಯಿ ಇತ್ತು. ಅವತ್ತು ಕೋರ್ಟ್ ಮುಂದಿನ ಕಟ್ಟೆ ಮೇಲೆ ಕೂತು ನಾನು ಪಲ್ಟನ್ನಿಗೆ ಬರೆದೆ.

ನಾನೂ ಎಲ್ಲಾ ಬರೆದೆ. ಅವರ ಕುಡಿತ, ನಮ್ಮತ್ತೆ, ರಾತ್ರಿಯ ಮಾತು, ಯಾವುದನ್ನೂ ಬಿಡಲಿಲ್ಲ. ಅವರ ಮಾನ ಕಳೆಯಬೇಕು ಅಂತ ಬರೆದಿದ್ದಲ್ಲ. ಬರೀ ದುಡ್ಡು ಕೇಳಿದರೆ ಯಾರು ಓದುತ್ತಾರೆ, ನನ್ನ ಕಷ್ಟ ನಂಬಬೇಕಾದರೆ ಎಲ್ಲಾ ಹೇಳಬೇಕು ಅಂದುಕೊಂಡಿದ್ದೆ. ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಕೆಲವು ತಿಂಗಳಿಗೆ ಅಕೌಂಟಿಗೆ ದುಡ್ಡು ಬಂತು. ಆ ಬಾಗಿಲು ಇಲ್ಲದೇ ಇದ್ದಿದ್ದರೆ ಮಗನ ಸ್ಕೂಲು ನಿಂತು ಹೋಗುತ್ತಿತ್ತು. ಗಂಡ ಹೆಂಡತಿ ವಿಷಯ ಸೈನ್ಯಕ್ಕೆ ಯಾಕೆ ಅಂತ ದಯವಿಟ್ಟು ಕೇಳಬೇಡ. ನಮ್ಮಂಥವರಿಗೆ ಅದೊಂದೇ ದಾರಿ.

ನಿಮ್ಮ ಅಣ್ಣ ಅತ್ತಿಗೆಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದರಾ?

ಕರಿಕೋಟು, ಮೈಸೂರು

ಮಳವಳ್ಳಿ ಅಮ್ಮ ಹೇಳಿದ್ದರ ಬೆಲೆ ಗೊತ್ತಾಗಬೇಕಾದರೆ ಹುಬ್ಬಳ್ಳಿಯ ಒಂದು ಕೇಸು ನೋಡಿ. ಫ್ಯಾಮಿಲಿ ಕೋರ್ಟ್ ಜೀವನಾಂಶ ಕೊಡಿಸಿತ್ತು. ಗಂಡ ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲ. ಆಧಾರ್‌ನಲ್ಲಿರುವ ಅವನ ವಿಳಾಸ ಕೊಡಿ ಅಂತ ಹೆಂಡತಿ ಕೇಳಿದರು. 2023ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಮದುವೆಯಾದ ಮಾತ್ರಕ್ಕೆ ಗಂಡನ ಖಾಸಗಿ ಮಾಹಿತಿಯ ಹಕ್ಕು ಹೋಗುವುದಿಲ್ಲ, ಅವನ ಮಾತು ಕೇಳದೆ ಕೊಡುವಂತಿಲ್ಲ ಅಂದಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು, ಆ ಹೆಣ್ಣುಮಗಳ ಕಷ್ಟ ಮಾತ್ರ ಹಾಗೇ ಉಳಿಯಿತು. ಸೈನಿಕನ ಹೆಂಡತಿಗಾದರೆ ಪಲ್ಟನ್ ಅನ್ನುವ ಒಂದು ವಿಳಾಸ ಇದೆ. ಅದನ್ನು ಮುಚ್ಚಿಸಬೇಕು ಅನ್ನುವ ವಾದಕ್ಕೆ ನಾನು ಒಪ್ಪುವುದಿಲ್ಲ. ಅಲ್ಲಿಗೆ ಏನು ಹೋಗಬೇಕು ಅನ್ನುವುದಕ್ಕೆ ಮಿತಿ ಇರಲಿ ಅಂದರೆ ಒಪ್ಪುತ್ತೇನೆ.

ಅಮ್ಮ, ಇನ್ನೊಂದು. ಹೆಣ್ಣುಮಕ್ಕಳಿಗೆ ಸಂಪಾದನೆ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. 2025ರ ಜುಲೈ 26ರಂದು ವೀರ್ ಪರಿವಾರ್ ಸಹಾಯತಾ ಯೋಜನೆ ಅಂತ ಶುರು ಮಾಡಿದ್ದಾರೆ. ಸೈನಿಕರಿಗೂ ಅವರ ಮನೆಯವರಿಗೂ ಸೈನಿಕ ಮಂಡಳಿಗಳಲ್ಲೇ ಕಾನೂನು ಸಲಹೆ ಸಿಗಲಿ ಅಂತ ಇರುವ ಯೋಜನೆ ಅದು. ನಿಮ್ಮ ಕಾಲಕ್ಕೆ ಇರಲಿಲ್ಲ. ಈಗ ಇದೆ, ನಾಲ್ಕು ಜನಕ್ಕೆ ಹೇಳಿ.

ಶ್ರೀರಂಗಪಟ್ಟಣ ಬ್ರದರ್

ಅಕ್ಕ, ನಿಮ್ಮಣ್ಣ ಸುಮ್ನೆ ಇರೋದು ಬೇಡ. ಅತ್ತಿಗೆ ಫೋನ್ ರೆಕಾರ್ಡ್ ತೆಗೆಸಿ. ತವರಲ್ಲಿದ್ದುಕೊಂಡು ಎಲ್ಲೆಲ್ಲಿ ಹೋಗ್ತಾರೆ ಅಂತ ಯಾರನ್ನಾದರೂ ಬಿಟ್ಟು ನೋಡಿಸಿ. ಏನಾದರೂ ಸಿಕ್ಕರೆ ಅದನ್ನೇ ಸಿಒಗೆ ಕಳಿಸಿ, ಸಮ ಆಗುತ್ತೆ.

ಕರಿಕೋಟು, ಮೈಸೂರು

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಬೇರೆಯವರ ಕಾಲ್ ರೆಕಾರ್ಡ್ ಕಳ್ಳದಾರಿಯಲ್ಲಿ ತೆಗೆಸಿದರೆ ಜೈಲಿಗೆ ಹೋಗುವುದು ತೆಗೆಸಿದವರು. 2025ರ ಮೇ ತಿಂಗಳಲ್ಲಿ ದೆಹಲಿಯ ಒಂದು ಕೋರ್ಟಿಗೆ ಸೈನ್ಯದ ಮೇಜರ್ ಒಬ್ಬರು ಹೋಗಿದ್ದರು. ಹೆಂಡತಿಗೆ ಇನ್ನೊಬ್ಬ ಅಧಿಕಾರಿಯ ಜೊತೆ ಸಂಬಂಧ ಇದೆ ಅನ್ನುವ ಅನುಮಾನ. ಹೋಟೆಲಿನ ಸಿಸಿಟಿವಿ ವಿಡಿಯೊ, ಬುಕಿಂಗ್ ವಿವರ ಕೊಡಿಸಿ ಅಂತ ಕೇಳಿದ್ದರು. ಹೋಟೆಲಿಗೆ ಬಂದವರಿಗೂ ಖಾಸಗಿತನ ಇದೆ ಅಂತ ಹೇಳಿ ಕೋರ್ಟ್ ಕೊಡಿಸಲಿಲ್ಲ. ಗಂಡ ಹೆಂಡತಿ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೆ ಅದನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ, ಅದು ನಿಜ. ಆದರೆ ಅದು ಕೋರ್ಟಿನೊಳಗಿನ ಮಾತು. ಪಲ್ಟನ್ನಿಗೆ ಕಳಿಸೋಕೆ ಅಲ್ಲ.

ಒಂದು ವ್ಯತ್ಯಾಸ ನೋಡಿ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಡೈವೋರ್ಸ್ ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯಬೇಕು. ಅಲ್ಲಿ ನಡೆದದ್ದನ್ನು ಅಚ್ಚು ಹಾಕಿಸಿದರೆ 1,000 ರೂಪಾಯಿವರೆಗೆ ದಂಡ. ಜಡ್ಜ್ ಮುಂದೆ ಆಡಿದ ಮಾತಿಗೆ ಅಷ್ಟು ರಕ್ಷಣೆ ಇದೆ. ಅದೇ ಮಾತು ಸಿಒಗೆ ಬರೆದ ಪತ್ರದಲ್ಲಿದ್ದರೆ ಹೆಡ್ ಕ್ಲರ್ಕ್ ಸರ್ ಹೇಳಿದ ಹಾಗೆ ನಾಲ್ಕು ಮೇಜು ಸುತ್ತಿ ಬರುತ್ತದೆ. ಸಾಹೇಬರಿಗೆ ತಿಳಿಯಬೇಕಾದದ್ದು ಮೂರೇ ವಿಷಯ. ದುಡ್ಡು ಕೊಡುತ್ತಿದ್ದಾನಾ, ಇನ್ನೊಂದು ಮದುವೆ ಮಾಡಿಕೊಂಡಿದ್ದಾನಾ, ಹೊಡೆದು ಬಡಿದು ಮಾಡಿದ್ದಾನಾ. ದಾಂಪತ್ಯ ಯಾಕೆ ಮುರಿಯಿತು ಅನ್ನುವುದು ಜಡ್ಜ್ ಮುಂದೆ ಹೇಳುವ ವಿಷಯ.

ನಿವೃತ್ತ ಹೆಡ್ ಕ್ಲರ್ಕ್, ಹೆಬ್ಬಾಳ, ಮೈಸೂರು

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರೆಯುವ ಹೆಣ್ಣುಮಕ್ಕಳು ಎರಡು ಕವರ್ ಮಾಡಬೇಕು. ಒಳಗಿನ ಕವರ್ ಅಂಟಿಸಿ ಅದರ ಮೇಲೆ 'ಕಮಾಂಡಿಂಗ್ ಆಫೀಸರ್ ಖುದ್ದು ತೆರೆಯಬೇಕು' ಅಂತ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆಯಬೇಕು. ಹೊರಗಿನದು ಕ್ಲರ್ಕ್ ಒಡೆದರೂ ಒಳಗಿನದಕ್ಕೆ ಕೈ ಹಾಕಲು ಹಿಂಜರಿಯುತ್ತಾನೆ. ಡಾಕ್ಟರ ವಿಷಯ ಹೊರಗೆ ಹೋಯಿತು ಅಂತ ನಿನ್ನ ಅಣ್ಣ ಸಿಒ ಸಾಹೇಬರ ಹತ್ತಿರ ಇಂಟರ್‌ವ್ಯೂ, ಅಂದರೆ ಖುದ್ದು ಭೇಟಿ, ಕೇಳಲಿ. ಹೆದರುವುದು ಬೇಡ. ಯಾವ ಒಳ್ಳೆ ಸಾಹೇಬರಿಗೂ ತನ್ನ ಆಫೀಸಿನಿಂದ ಮಾತು ಸೋರುತ್ತೆ ಅಂದರೆ ಇಷ್ಟ ಆಗುವುದಿಲ್ಲ.

ಆಲೆಮನೆ ತಂಗಿ

ಎರಡು ದಿನ ಇಲ್ಲಿಗೆ ಬರೋಕೆ ಆಗಲಿಲ್ಲ. ಮಳವಳ್ಳಿ ಅಕ್ಕ ಕೇಳಿದ್ದನ್ನು ನಾನು ಅಣ್ಣನಿಗೆ ಕೇಳಿದೆ. ಮೊದಲು ಸಿಟ್ಟು ಮಾಡಿಕೊಂಡ. ಆಮೇಲೆ ಹೇಳಿದ. ಐದು ತಿಂಗಳಿಂದ ಕಳಿಸಿಲ್ಲವಂತೆ. ಅತ್ತಿಗೆ ಫೋನ್ ತೆಗೆಯುತ್ತಿರಲಿಲ್ಲ, ಆ ಕೋಪಕ್ಕೆ ನಿಲ್ಲಿಸಿದನಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅಕ್ಕ, ನನ್ನನ್ನು ಕ್ಷಮಿಸಿ.

ಭಾನುವಾರ ನಾನೊಬ್ಬಳೇ ಮೈಸೂರಿಗೆ ಹೋದೆ. ಮನೆಯಲ್ಲಿ ಹೇಳಲಿಲ್ಲ. ಆಲೆಮನೆಯಿಂದ ಎರಡು ಅಚ್ಚು ಬೆಲ್ಲ ಕಟ್ಟಿಕೊಂಡು ಹೋಗಿದ್ದೆ. ಅತ್ತಿಗೆ ಬಾಗಿಲಲ್ಲೇ ನಿಂತರು, ಒಳಗೆ ಬಾ ಅನ್ನಲಿಲ್ಲ. ಪಾಪು ಓಡಿ ಬಂದು ಕೈ ಹಿಡಿದುಕೊಂಡಳು. ಅವಳ ಸ್ಕೂಲ್ ಶೂ ಹೊಸ್ತಿಲ ಪಕ್ಕದಲ್ಲಿತ್ತು. ಮುಂದೆ ಹೆಬ್ಬೆರಳಿನ ಜಾಗ ಹರಿದು, ಕಪ್ಪು ದಾರದಲ್ಲಿ ಹೊಲಿದಿದ್ದರು. ನಾನು ಅದನ್ನು ನೋಡಿದ್ದನ್ನು ಅತ್ತಿಗೆ ನೋಡಿದರು. ಆಮೇಲೆ ಒಳಗೆ ಕರೆದರು.

ಊಟದಲ್ಲಿ ಆದ ವಿಷಯ ಹೇಳಿದೆ. ಅತ್ತಿಗೆ ಅತ್ತುಬಿಟ್ಟರು. "ಸಾಹೇಬರು ಒಬ್ಬರೇ ಓದ್ತಾರೆ ಅಂದ್ಕೊಂಡಿದ್ದೆ ಕಣೇ" ಅಂದರು. ಇಲ್ಲಿ ನೀವೆಲ್ಲ ಬರೆದದ್ದನ್ನು ಫೋನಿನಲ್ಲಿ ತೋರಿಸಿದೆ. ಇಬ್ಬರೂ ಕೂತು ಇನ್ನೊಂದು ಪತ್ರ ಬರೆದೆವು. ಒಂದೇ ಪುಟ. ಮದುವೆ ದಿನಾಂಕ, ಮಗಳ ವಯಸ್ಸು, ದುಡ್ಡು ನಿಂತ ತಿಂಗಳು, ಬ್ಯಾಂಕ್ ಅಕೌಂಟ್ ನಂಬರು. ಹಳೆ ಪತ್ರದಲ್ಲಿರುವ ಆರೋಗ್ಯದ ವಿಷಯ ಈ ಅರ್ಜಿಗೆ ಬೇಕಿಲ್ಲ, ಅದನ್ನು ಬೇರೆ ಯಾರಿಗೂ ತೋರಿಸಬೇಡಿ ಅಂತ ಕೊನೆಗೆ ಅತ್ತಿಗೆಯೇ ಸೇರಿಸಿದರು. ಎರಡು ಕವರ್ ಮಾಡಿದ್ದೇವೆ ಸರ್, ನೀವು ಹೇಳಿದ ಹಾಗೆ. ಅಣ್ಣ ಆ ರಾತ್ರಿಯೇ 20,000 ಹಾಕಿದ. ಉಳಿದದ್ದು ಮುಂದಿನ ತಿಂಗಳು ಅಂದಿದ್ದಾನೆ. ನಾನು ಬಿಡುವುದಿಲ್ಲ.

ಇಬ್ಬರೂ ಮತ್ತೆ ಒಟ್ಟಿಗೆ ಇರುವ ಮನಸ್ಸಿನಲ್ಲಿಲ್ಲ. ಅದನ್ನು ನಾನು ಬದಲಾಯಿಸೋಕೆ ಹೋಗಲ್ಲ. ಮೇಡಂ, ಅಣ್ಣನಿಗೆ ಮುಂದಿನ ತಿಂಗಳು 30 ದಿನ ರಜೆ ಇದೆ. ಮದುವೆ ಆಗಿದ್ದು ಮೈಸೂರಿನಲ್ಲೇ. ಇಬ್ಬರೂ ಸೇರಿ ಅಲ್ಲೇ ಅರ್ಜಿ ಹಾಕಬಹುದಾ? ರಜೆ ಮುಗಿಯುವುದರೊಳಗೆ ಏನಾದರೂ ಆಗುತ್ತಾ?

ಮಳವಳ್ಳಿಯ ಒಬ್ಬಳು ಅಮ್ಮ

ಕ್ಷಮೆ ಯಾಕೆ ತಂಗಿ. ನಮ್ಮ ಮನೆ ಕಡೆಯಿಂದಲೂ ಒಬ್ಬಳು ನಾದಿನಿ ಹೀಗೆ ಬೆಲ್ಲ ಕಟ್ಟಿಕೊಂಡು ಬಂದಿದ್ದರೆ ಅಂತ ಅನಿಸಿತು. ಪಾಪುಗೆ ಶೂ ಕೊಡಿಸಿದೆಯಾ?

ಆಲೆಮನೆ ತಂಗಿ

ಅವತ್ತೇ ಸಂಜೆ ಕೊಡಿಸಿದೆ ಅಕ್ಕ. ಒಂದು ಸೈಜ್ ದೊಡ್ಡದು.

ಕರಿಕೋಟು, ಮೈಸೂರು

ಮೈಸೂರಿನಲ್ಲೇ ಹಾಕಬಹುದು. ಒಂದು ವರ್ಷ ಬೇರೆ ಇದ್ದರೆ ಇಬ್ಬರ ಒಪ್ಪಿಗೆಯ ಅರ್ಜಿ ಹಾಕಲು ದಾರಿ ಇದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಅನ್ನುವ ನಿಯಮ ಇದೆ. ಆದರೆ ಒಂದೂವರೆ ವರ್ಷದಿಂದ ಬೇರೆ ಇದ್ದು, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥ ಆಗಿದ್ದು, ರಾಜಿ ಪ್ರಯತ್ನವೂ ಆಗಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಡಲೇಬೇಕು ಅಂತಿಲ್ಲ, ಜಡ್ಜ್ ನೋಡಿ ತೀರ್ಮಾನ ಮಾಡುತ್ತಾರೆ.

ರಜೆಯ ವಿಷಯಕ್ಕೆ ಆರ್ಮಿ ಆ್ಯಕ್ಟಿನ 32ನೇ ಸೆಕ್ಷನ್ ಇದೆ. ಕೇಸಿಗಾಗಿ ರಜೆ ಕೊಟ್ಟಿದ್ದೇವೆ ಅಂತ ಯೂನಿಟ್ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದನ್ನು ಹಾಜರುಪಡಿಸಿದರೆ ಕೋರ್ಟ್ ಸಾಧ್ಯವಾದ ಮಟ್ಟಿಗೆ ರಜೆಯೊಳಗೇ ವಿಚಾರಣೆ ಇಟ್ಟುಕೊಳ್ಳಬೇಕು. ಅಣ್ಣ ಹೊರಡುವ ಮೊದಲೇ ಅದನ್ನು ಕೇಳಿ ಪಡೆಯಲಿ. ರಜೆ ಅರ್ಜಿಯಲ್ಲಿ 'ಕೌಟುಂಬಿಕ ಕೇಸು' ಅಂತ ಬರೆದರೆ ಸಾಕು. ಕಾರಣ ವಿವರಿಸಬೇಕಿಲ್ಲ.

ಬರುವಾಗ ಲಗ್ನಪತ್ರಿಕೆ, ಮದುವೆ ಫೋಟೊ ಎರಡು, ಇಬ್ಬರ ಆಧಾರ್, ಪಾಪು ಜನನ ಪ್ರಮಾಣಪತ್ರ, ಅಣ್ಣನ ಸಂಬಳದ ಚೀಟಿ ತನ್ನಿ. ಮದುವೆ ನೋಂದಣಿ ಆಗಿದ್ದರೆ ಅದನ್ನೂ ತನ್ನಿ. ಆಸ್ತಿ, ಸಂಪಾದನೆ, ಸಾಲದ ಅಫಿಡವಿಟ್ ಕೇಳಿದರೆ ಇಬ್ಬರೂ ಕೊಡಬೇಕಾಗುತ್ತದೆ. ಅದನ್ನು ಕೂತು ಬರೆಸೋಣ. ಅತ್ತಿಗೆಗೆ ಅವರದೇ ವಕೀಲರು ಇರಲಿ, ನನ್ನೊಬ್ಬಳನ್ನೇ ಇಬ್ಬರೂ ನಂಬಿಕೊಳ್ಳುವುದು ಬೇಡ.